ಗುಣವಾದ ಮೇಲೂ ಒಮ್ಮೆ ಬನ್ನಿ

ರಕ್ತದ ಮಾದರಿಯ ಜೊತೆ ಕಳಿಸುವ ನಮೂನೆಯಲ್ಲಿ ‘ಜ್ವರ ಶುರುವಾದ ದಿನಾಂಕ’ ಎಂಬ ಒಂದು ಸಾಲಿದೆ. ತೀರ್ಥಹಳ್ಳಿ ಕಡೆಯ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದು ಆ ಸಾಲಿನ ಬಗ್ಗೆಯೇ. ಹೋದ ಕೊಯ್ಲಿನ ಕಾಲದಲ್ಲಿ ಒಬ್ಬ ಅಜ್ಜಿ ಬಂದಿದ್ದರು. ಕಣ್ಣು ಕೆಂಪಗಾಗಿತ್ತು, ಸೊಂಟ ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತರು.

“ಜ್ವರ ಬಂದದ್ದು ಯಾವತ್ತು ಅಮ್ಮ?”

“ಕೊನೆಗಾರ ಬಂದು ಹೋದ ಮರುದಿನ ರಾತ್ರಿ ಚಳಿ ಹತ್ತಿತು ಮಗಳೇ.”

ಅಡಿಕೆ ಕೊನೆ ಇಳಿಸುವ ಆ ಕೊನೆಗಾರ ಬಂದದ್ದು ಯಾವತ್ತು ಎಂದರೆ ಅವರಿಗೆ ನೆನಪಿಲ್ಲ. ಮಗನಿಗೆ ಫೋನ್ ಮಾಡಿ, ಕೂಲಿ ಕೊಟ್ಟ ಲೆಕ್ಕದ ಪುಸ್ತಕ ತೆಗೆಸಿ ನೋಡಿದಾಗ ಅದು ಗುರುವಾರ ಎಂದು ಗೊತ್ತಾಯಿತು. ಜ್ವರ ಶುಕ್ರವಾರ ರಾತ್ರಿಯದು. ಅವರು ನಮ್ಮಲ್ಲಿಗೆ ಬಂದ ಸೋಮವಾರಕ್ಕೆ ನಾಲ್ಕನೆಯ ದಿನ.

ಇಷ್ಟು ಪಟ್ಟು ಹಿಡಿದು ಕೇಳುವುದಕ್ಕೆ ಕಾರಣವಿದೆ. ಕಾಡಿನ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯ ವೈರಸ್ ರಕ್ತದಲ್ಲಿ ಹೇರಳವಾಗಿರುವುದು ಮೊದಲ ಕೆಲವು ದಿನ. ಆಗ ಆರ್‌ಟಿ-ಪಿಸಿಆರ್ ಪರೀಕ್ಷೆ ಅದನ್ನು ಹಿಡಿಯುತ್ತದೆ. ದಿನ ಕಳೆದಂತೆ ವೈರಸ್ ಕಡಿಮೆಯಾಗಿ, ಅದರ ವಿರುದ್ಧ ಹೋರಾಡಲು ದೇಹವೇ ತಯಾರಿಸಿದ ಐಜಿಎಂ ಎಂಬ ಪ್ರತಿಕಾಯ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಎಲೈಸಾ ಪರೀಕ್ಷೆ ಬೇಕು. ದಿನಾಂಕ ಅಂದಾಜಿನಲ್ಲಿ ಬರೆದರೆ ತಪ್ಪು ಪರೀಕ್ಷೆಗೆ ಹೋಗಿ ‘ನೆಗೆಟಿವ್’ ಎಂದು ಬರಬಹುದು. ಆ ಒಂದು ಪದವನ್ನು ನಂಬಿ ಮನೆಗೆ ಹೋದವರಿಗೆ ಮೂಗಿನಲ್ಲೋ ವಸಡಿನಲ್ಲೋ ರಕ್ತ ಕಾಣಿಸಿದರೆ ಗತಿಯೇನು? ಜ್ವರ ಇಳಿದು ವಾರ ಎರಡು ವಾರದ ಮೇಲೆ ಕೆಲವರಿಗೆ ಅದು ಮರುಕಳಿಸಿ ತಲೆನೋವು, ಕೈನಡುಕ, ಬುದ್ಧಿ ಮಂಕಾಗುವುದು ಕೂಡ ಉಂಟು.

ಈ ವೈರಸ್ಸಿಗೆ ‘ಕ್ಯಾಸನೂರು’ ಎಂಬ ಹೆಸರು ಕೊಟ್ಟದ್ದೇ ನಮ್ಮ ಶಿವಮೊಗ್ಗ ಜಿಲ್ಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ಸನ್ನು ಬೇರ್ಪಡಿಸಿದರು. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಇದು ಹತ್ತಿರದ್ದು ಎಂದು ತಿಳಿಯಿತು. ಆಗಿನ ಕಾಲಕ್ಕೆ ರೋಗಿಯ ರಕ್ತವನ್ನು ಇಲಿಮರಿಗಳಿಗೆ ಚುಚ್ಚಿ ಕಾಯಬೇಕಿತ್ತು. ಈಗ ಪುಣೆಯ ಅದೇ ಸಂಸ್ಥೆ, ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಬ್ಯಾಟರಿಯಲ್ಲಿ ನಡೆಯುವ ಟ್ರೂನ್ಯಾಟ್ ಯಂತ್ರದಲ್ಲೇ ಮಂಗನ ಕಾಯಿಲೆ ಪತ್ತೆ ಮಾಡುವ ವಿಧಾನ ರೂಪಿಸಿದೆ. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ಊರುಗಳಿಗೆ ಇದು ಎಷ್ಟು ದೊಡ್ಡ ವಿಷಯವೆಂದು ಇಲ್ಲಿ ಮಳೆಗಾಲ ಕಳೆದವರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ ರೋಗ ಯಾವುದೆಂದು ಗೊತ್ತಾದ ಮೇಲೆ ಏನು? ಅಲ್ಲಿಗೆ ಬಂದಾಗ ನನಗೆ ಸಂಕಟವಾಗುತ್ತದೆ. ಮಂಗನ ಕಾಯಿಲೆಗೆ ಇಂದಿಗೂ ಅದರದ್ದೇ ಆದ ಔಷಧಿಯಿಲ್ಲ. ಗ್ಲೂಕೋಸ್, ಪ್ಯಾರಾಸಿಟಮಾಲ್, ಪ್ಲೇಟ್‌ಲೆಟ್ ಮೇಲೆ ಕಣ್ಣು, ಬೇಕಾದರೆ ರಕ್ತ, ಒಳ್ಳೆಯ ಶುಶ್ರೂಷೆ. ನೂರು ಜನರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ. ಅದೇ ಜ್ವರ, ಅದೇ ಮೈಕೈ ನೋವು, ಅದೇ ಪ್ಲೇಟ್‌ಲೆಟ್ ಕುಸಿತ ಇಲಿ ಜ್ವರದಲ್ಲೂ, ನುಸಿಯಂಥ ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನಲ್ಲೂ ಬರಬಹುದು, ಅವೆರಡಕ್ಕೂ ಅಗ್ಗದ ಮಾತ್ರೆಯಿದೆ. ಕಂಕುಳಲ್ಲೋ ತೊಡೆಸಂದಿಯಲ್ಲೋ ಸಿಗರೇಟಿನಿಂದ ಸುಟ್ಟಂತಹ ಕಪ್ಪು ಹಕ್ಕಳೆ ಕಂಡರೆ ಅದು ಸ್ಕ್ರಬ್ ಟೈಫಸ್‌ನ ಗುರುತು. ನಾಚಿಕೆಯಿಂದ ಯಾರೂ ತೋರಿಸುವುದಿಲ್ಲ, ನಮ್ಮ ದಾದಿಯರೇ ಪರದೆ ಎಳೆದು ಹುಡುಕುತ್ತಾರೆ. ಡಾಕ್ಸಿಸೈಕ್ಲಿನ್ ಕೊಟ್ಟರೆ ಎರಡು ಮೂರು ದಿನದಲ್ಲಿ ಜ್ವರ ಇಳಿಯುವುದೇ ಹೆಚ್ಚು.

ಇದೇ ಸ್ಕ್ರಬ್ ಟೈಫಸ್ ಬಗ್ಗೆ 2023ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನವರ ಮುಂದಾಳತ್ವದಲ್ಲಿ ಭಾರತದ ಆಸ್ಪತ್ರೆಗಳಲ್ಲೇ ನಡೆದದ್ದು. ರೋಗ ತೀವ್ರವಾಗಿದ್ದ 794 ಜನರಲ್ಲಿ ಕೆಲವರಿಗೆ ಡಾಕ್ಸಿಸೈಕ್ಲಿನ್, ಕೆಲವರಿಗೆ ಅಜಿತ್ರೊಮೈಸಿನ್, ಉಳಿದವರಿಗೆ ಎರಡನ್ನೂ ರಕ್ತನಾಳದ ಮೂಲಕ ಕೊಟ್ಟು ನೋಡಿದರು. ಸಾವು, ವಾರವಾದರೂ ಬಿಡದ ತೊಂದರೆ, ಐದು ದಿನವಾದರೂ ಇಳಿಯದ ಜ್ವರ, ಈ ಮೂರನ್ನೂ ಸೇರಿಸಿ ಲೆಕ್ಕ ಹಾಕಿದಾಗ ಒಂದೇ ಔಷಧಿ ಪಡೆದವರಲ್ಲಿ ಅದು ಶೇ. 47–48, ಎರಡನ್ನೂ ಪಡೆದವರಲ್ಲಿ ಶೇ. 33. ಎರಡೂ ಹಳೆಯ ಔಷಧಿಗಳು, ಪ್ರತಿ ಔಷಧಿ ಅಂಗಡಿಯಲ್ಲೂ ಇರುವಂಥವು. ಕೂಡಿಸಿ ಕೊಟ್ಟರೆ ಏನಾಗುತ್ತದೆ ಎಂದು ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು, ಲೆಕ್ಕಾಚಾರ ತಪ್ಪದೆ ಕೇಳುವವರು ಬೇಕಿತ್ತು ಅಷ್ಟೆ.

ಮಂಗನ ಕಾಯಿಲೆಗೆ ಅಂಥ ಅಧ್ಯಯನ ಕಷ್ಟ, ಒಪ್ಪುತ್ತೇನೆ. ಒಂದು ವರ್ಷ ಸೊರಬದ ಕಡೆ ಬಂದರೆ ಇನ್ನೊಂದು ವರ್ಷ ಬೇರೆ ಮೂಲೆಯಲ್ಲಿ. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಜನ ಸತ್ತದ್ದನ್ನು ನಾವ್ಯಾರೂ ಮರೆತಿಲ್ಲ. ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ ಆಫ್ರಿಕಾದ ಕಾಂಗೋದಲ್ಲಿ, ಎಬೋಲಾ ಹಬ್ಬುತ್ತಿದ್ದಾಗಲೇ, ಗುಂಡಿನ ಸದ್ದಿನ ನಡುವೆಯೇ, ನಾಲ್ಕು ಔಷಧಿಗಳನ್ನು ಹೋಲಿಸಿ ನೋಡಿ ಎರಡು ಹೆಚ್ಚು ಜೀವ ಉಳಿಸುತ್ತವೆ ಎಂದು ಸಾಬೀತು ಮಾಡಿದರು. ರೋಗ ಬಂದ ಮೇಲೆ ಅರ್ಜಿ, ಅನುಮತಿ, ಹಣ ಎಂದು ಓಡಾಡಿದರೆ ಅಷ್ಟರಲ್ಲಿ ಮಳೆ ಬಂದು ಉಣುಗಿನ ಕಾಲವೇ ಮುಗಿದಿರುತ್ತದೆ. ಯಾವ ಔಷಧಿ, ಯಾರಿಗೆ, ಎಷ್ಟನೆಯ ದಿನ, ಯಾವ ರಕ್ತಪರೀಕ್ಷೆ ಎಂಬುದೆಲ್ಲ ಅಕ್ಟೋಬರ್ ಒಳಗೇ ಕಾಗದದ ಮೇಲೆ ಸಿದ್ಧವಾಗಿ, ನೈತಿಕ ಸಮಿತಿಯ ಒಪ್ಪಿಗೆಯೂ ಸಿಕ್ಕಿ, ತಾಲ್ಲೂಕು ಆಸ್ಪತ್ರೆಗಳಿಗೆ ತಲುಪಿರಬೇಕು. ಇದು ಆಗಲೇಬೇಕಾದ ಕೆಲಸ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಇನ್ನು ಎರಡನೆಯ ಮಾದರಿಯ ವಿಷಯ. ಜ್ವರವಿದ್ದಾಗಿನ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಮತ್ತು ಗುಣವಾದ ಎರಡು ಮೂರು ವಾರದ ಮೇಲಿನ ಸೀರಂ, ಎರಡನ್ನೂ ಪಕ್ಕಪಕ್ಕ ಇಟ್ಟು ಪ್ರತಿಕಾಯ ಎಷ್ಟು ಪಟ್ಟು ಏರಿದೆ ಎಂದು ನೋಡಿದರೆ ಎಷ್ಟೋ ಹೆಸರಿಲ್ಲದ ಜ್ವರಗಳು ಯಾವುವೆಂದು ತಿಳಿಯುತ್ತದೆ. ಹೊಸ ಪರೀಕ್ಷೆಯೊಂದು ನಂಬಿಕೆಗೆ ಅರ್ಹವೇ ಎಂದು ತೂಗುವುದಕ್ಕೂ ಇಂಥ ಜೋಡಿ ಮಾದರಿಗಳು ಬೇಕು. ಆದರೆ ಗುಣವಾದವರು ಬರುವುದಿಲ್ಲ. ಸೊಪ್ಪಿನ ಬೆಟ್ಟದಲ್ಲಿ ದರಗು, ಅಂದರೆ ಒಣಗಿದ ಎಲೆ, ಗುಡಿಸುವ ಒಬ್ಬರಿಗೆ ಫೋನ್ ಮಾಡಿದಾಗ, “ಈಗ ಆರಾಮಾಗಿದ್ದೇನಲ್ಲ ಮೇಡಂ, ಮತ್ತೆ ರಕ್ತ ಯಾಕೆ?” ಎಂದರು. ನ್ಯಾಯವಾದ ಪ್ರಶ್ನೆ. “ನಿಮಗಲ್ಲ ಅಣ್ಣ, ಮುಂದಿನ ವರ್ಷ ನಿಮ್ಮ ಕೇರಿಯಲ್ಲಿ ಮಲಗುವವರಿಗೆ” ಎಂದೆ. “ಅದು ಸರಿ, ನಾಳೆಯ ಕೂಲಿ ಯಾರು ಕೊಡುತ್ತಾರೆ?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಮಂಗನ ಕಾಯಿಲೆಯ ಹಳೆಯ ಲಸಿಕೆಯ ಕಥೆಯಲ್ಲೂ ಇದೇ ಆಗಿತ್ತು. 2005ರಿಂದ 2010ರವರೆಗಿನ ಮಾಹಿತಿಯನ್ನು ಪರಿಶೀಲಿಸಿದಾಗ ಎರಡು ಡೋಸಿಗೆ ಶೇ. 62ರಷ್ಟು, ಬೂಸ್ಟರ್ ಸೇರಿದರೆ ಶೇ. 83ರಷ್ಟು ರಕ್ಷಣೆ ಕಂಡಿತು. ಆದರೆ ಮತ್ತೆ ಮತ್ತೆ ಬಂದು ಚುಚ್ಚಿಸಿಕೊಳ್ಳುವವರು ಕಡಿಮೆ. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಹೊಸ ಲಸಿಕೆ ತಯಾರಿಸುತ್ತಿವೆ. ಅದರ ಪರೀಕ್ಷೆಗಾಗಲಿ, ಚಿಕಿತ್ಸೆಯ ಅಧ್ಯಯನಕ್ಕಾಗಲಿ ನಮ್ಮ ಜನರನ್ನು ಕೇಳುವ ದಿನ ಬಂದರೆ ಒಪ್ಪಿಗೆ ಪತ್ರ ಅವರಿಗೆ ಅರ್ಥವಾಗುವ ಕನ್ನಡದಲ್ಲಿರಲಿ, ಅದನ್ನು ಮನೆಯ ಜಗಲಿಯಲ್ಲಿ ಕೂತು ಓದಿ ಹೇಳಲಿ. ಕೊನೆಗೆ ಏನು ಕಂಡುಬಂತೆಂದು ರಕ್ತ ಕೊಟ್ಟವರಿಗೇ ಮೊದಲು ತಿಳಿಸಲಿ. ಬಸ್ಸಿನ ಖರ್ಚು ಮತ್ತು ಆ ದಿನದ ಕೂಲಿ ಅಧ್ಯಯನದ ಹಣದಲ್ಲೇ ಮೊದಲಿಂದ ಸೇರಿರಲಿ. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯಲ್ಲಿ ಅದಕ್ಕೆ ಅವಕಾಶವಿದೆ.