ಆಲ್ಪ್ಸ್‌ನ ಹಟ್ ದಾರಿ: ಬೆಳಗಾವಿಯಿಂದ ಹೊರಡುವವರಿಗೆ

ಹಟ್ ಅಂದರೆ ಬೆಟ್ಟದ ಮೇಲೆ ಚಾರಣಿಗರು ರಾತ್ರಿ ತಂಗುವ ಮನೆ; ಅಲ್ಲಿಗೆ ನಡೆದು ಹೋಗೋದೇ ಹಟ್ ದಾರಿ.

ಸ್ವಿಟ್ಜರ್ಲೆಂಡ್‌ನಲ್ಲಿ ಬಂಡೆ ಮೇಲೆ ಬಿಳಿ-ನೀಲಿ-ಬಿಳಿ ಪಟ್ಟಿ ಕಂಡರೆ ಕೈ ಊರಿ ಹತ್ತುವ ದಾರಿ ಅಂತ ತಿಳೀರಿ. ರಾಜಹಂಸಗಡ ಸರಸರ ಹತ್ತಿದ ಧೈರ್ಯ ಅಲ್ಲಿ ಸಾಲದು.

ವೇಳೆಯ ಲೆಕ್ಕ ಹೀಗೆ: ಗಂಟೆಗೆ 300 ಮೀಟರ್ ಏರು, ಸಪಾಟಾದರೆ 4 ಕಿಲೋಮೀಟರ್. ಎರಡನ್ನೂ ಬೇರೆ ಬೇರೆ ತೆಗೆದು, ದೊಡ್ಡದಕ್ಕೆ ಸಣ್ಣದರ ಅರ್ಧ ಕೂಡಿಸಿ. 900 ಮೀಟರ್ ಏರು, 8 ಕಿಲೋಮೀಟರ್ ದೂರ ಇದ್ದರೆ 3ಕ್ಕೆ 1 ಸೇರಿ 4 ತಾಸು. ಕೂತದ್ದು, ಉಂಡದ್ದು ಬೇರೆ.

ಮಧ್ಯಾಹ್ನದ ಮೇಲೆ ಗುಡುಗು ಏಳುತ್ತೆ, ಅದಕ್ಕೇ ಬೆಳಿಗ್ಗೆ 6ಕ್ಕೆ ಬಿಡೋದು. ಮಿಂಚುವಾಗ ಹಿಡಿದು ಹತ್ತಲು ಬಂಡೆಗೆ ಬಿಗಿದ ಉಕ್ಕಿನ ಹಗ್ಗದಿಂದ ದೂರ ಸರೀರಿ. ಜುಲೈನಲ್ಲೂ ಉತ್ತರದ ಇಳಿಜಾರಲ್ಲಿ ಹಳೇ ಹಿಮ ಉಳಿದಿರುತ್ತೆ. ಬೆಳಗ್ಗೆ ಅದು ಗಟ್ಟಿ, ಜಾರಿದರೆ ಕೋಲು ತಡೆಯಲ್ಲ.

ಚೀಲದಲ್ಲಿ ಒಳಹೊದಿಕೆ (ಹಾಸಿಗೆಯಲ್ಲಿ ಒಳಸೇರಿ ಮಲಗುವ ತೆಳು ಬಟ್ಟೆಚೀಲ), ನಗದು, ಗೋಕಾಕ ಕರದಂಟು. ಬರೋದು ರದ್ದಾದರೆ ಹಟ್‌ಗೆ ಫೋನ್ ಮಾಡಲೇಬೇಕು, ಇಲ್ಲವಾದರೆ ಹುಡುಕಲು ಜನ ಹೊರಟಾರು.