ಮತ್ತೆ ಬಿಸಿಲು ಕಂಡ ಗಾಜಿನ ಗುಮ್ಮಟ

ಹೆಂಚಿನ ಮನೆಯಲ್ಲಿ ಬೆಳೆದವರಿಗೆ, ಮಾಡಿನ ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲಿನ ಕೋಲು ನೆಲದ ಮೇಲೆ ಸರಿಯುತ್ತ ಹೊತ್ತು ತಿಳಿಸುತ್ತಿದ್ದುದು ನೆನಪಿರುತ್ತದೆ. ಶಿಕಾಗೊದ ಮಿಶಿಗನ್ ಅವೆನ್ಯೂದಲ್ಲಿರುವ ಕಲ್ಚರಲ್ ಸೆಂಟರ್‌ನಲ್ಲಿ, 38 ಅಡಿ ವ್ಯಾಸದ ಬಣ್ಣದ ಗಾಜಿನ ಗುಮ್ಮಟದ ಕೆಳಗೆ ಮೊದಲ ಸಲ ನಿಂತಾಗ ನನ್ನ ಮನಸ್ಸಿಗೆ ಬಂದದ್ದು ಆ ಬೆಳಕಿಂಡಿಯೇ.

1897ರಲ್ಲಿ ತೆರೆದ ಈ ಕಟ್ಟಡ ಮೂಲತಃ ನಗರದ ಸಾರ್ವಜನಿಕ ಗ್ರಂಥಾಲಯ. 1871ರ ಮಹಾ ಅಗ್ನಿದುರಂತದ ಬಳಿಕ ಇಂಗ್ಲೆಂಡಿನ ಜನ ಕಳುಹಿಸಿದ ಸುಮಾರು 8,000 ಪುಸ್ತಕಗಳಿಂದ ಆರಂಭವಾದ ಸಂಗ್ರಹಕ್ಕೆ ಇದು ಭವ್ಯವಾದ ಮನೆಯಾಯಿತು. ಟಿಫನಿ ಸಂಸ್ಥೆಯ ಕುಶಲಕರ್ಮಿಗಳು ಮೀನಿನ ಹುರುಪೆಯಂತೆ ಕತ್ತರಿಸಿದ ಗಾಜಿನ ಸುಮಾರು 30,000 ತುಣುಕುಗಳನ್ನು 243 ಭಾಗಗಳಾಗಿ ಜೋಡಿಸಿ, ಎರಕದ ಕಬ್ಬಿಣದ ಚೌಕಟ್ಟಿನಲ್ಲಿ ಕೂರಿಸಿದ್ದಾರೆ. ನೆತ್ತಿಯಲ್ಲಿ ರಾಶಿಚಕ್ರದ ಚಿಹ್ನೆಗಳಿವೆ. ಟಿಫನಿ ಗಾಜಿನ ಹೆಚ್ಚುಗಾರಿಕೆಯೆಂದರೆ ಬಣ್ಣವನ್ನು ಮೇಲೆ ಬಳಿಯದೆ, ಕರಗಿದ ಗಾಜಿನಲ್ಲಿಯೇ ಬೆರೆಸಿರುವುದು. ಆದ್ದರಿಂದಲೇ ಹಿಂದಿನಿಂದ ಬೆಳಕು ಹಾಯದಿದ್ದರೆ ಅದು ಮಂಕಾಗಿಬಿಡುತ್ತದೆ.

ಈ ಗುಮ್ಮಟಕ್ಕೆ ಒದಗಿದ್ದೂ ಅದೇ ಗತಿ. 1930ರ ದಶಕದಲ್ಲಿ ಮಳೆ, ಹಿಮಗಳಿಂದ ಕಾಪಾಡಲೆಂದು ಹೊರಗಡೆ ಕಾಂಕ್ರೀಟು ಮತ್ತು ತಾಮ್ರದ ಹೊದಿಕೆ ಹಾಕಿದರು. ಗಾಜು ಉಳಿಯಿತು, ಬಿಸಿಲು ಹೋಯಿತು. ಎಪ್ಪತ್ತಕ್ಕೂ ಹೆಚ್ಚು ವರ್ಷ ವಿದ್ಯುದ್ದೀಪಗಳೇ ಸೂರ್ಯನ ಕೆಲಸ ಮಾಡಿದವು. 2008ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ಗಾಜನ್ನು ತೊಳೆದು, ದುರಸ್ತಿ ಮಾಡಿ, ಆ ಹೊದಿಕೆಯ ಜಾಗದಲ್ಲಿ ಬೆಳಕು ಹಾಯುವ ಹೊಸ ಮೇಲ್ಮುಚ್ಚಳವನ್ನು ಇಟ್ಟರು. ಈಗ ಮೋಡ ಸರಿದಂತೆಲ್ಲ ಹಸಿರು ಹೊನ್ನಾಗುವುದನ್ನು ಕೆಳಗೆ ಕುಳಿತು ನೋಡಬಹುದು. ನಾನು ಹಾಗೆ ಗಂಟೆಗಟ್ಟಲೆ ಕುಳಿತದ್ದುಂಟು.

ಆದರೆ ಕಟ್ಟಡವೇ ಉಳಿಯದಿದ್ದರೆ ಈ ಮಾತೆಲ್ಲ ಎಲ್ಲಿಂದ ಬರಬೇಕು? 1970ರ ದಶಕದ ಆರಂಭದಲ್ಲಿ ಇದನ್ನು ಕೆಡವುವ ಪ್ರಸ್ತಾಪವಿತ್ತು. ಮೇಯರ್ ರಿಚರ್ಡ್ ಡೇಲಿಯವರ ಪತ್ನಿ ಎಲಿನಾರ್ ಡೇಲಿಯವರು, ನಗರದ ಸುಂದರ ಕಟ್ಟಡಗಳನ್ನು ದುರಸ್ತಿ ಮಾಡಿ ಉಳಿಸಿಕೊಳ್ಳಬೇಕೆಂದು ಬಹಿರಂಗವಾಗಿ ಹೇಳಿದ್ದು ಆಗ ದೊಡ್ಡ ಬೆಂಬಲವಾಯಿತು. 1976ರಲ್ಲಿ ನಗರದ ಸಂರಕ್ಷಿತ ಕಟ್ಟಡವೆಂಬ ಮಾನ್ಯತೆಯೂ ದೊರೆಯಿತು. ಇದೇ ನಗರದ ಹಳೆಯ ಸ್ಟಾಕ್ ಎಕ್ಸ್‌ಚೇಂಜ್ ಕಟ್ಟಡಕ್ಕೆ ಆ ಭಾಗ್ಯವಿರಲಿಲ್ಲ. ಅದನ್ನು ಕೆಡವುತ್ತಿದ್ದ 1972ರಲ್ಲಿ, ಅದರ ಅಲಂಕಾರದ ತುಣುಕುಗಳನ್ನಾದರೂ ಉಳಿಸಲು ಒಳಹೊಕ್ಕ ಛಾಯಾಗ್ರಾಹಕ ರಿಚರ್ಡ್ ನಿಕೆಲ್ ಕುಸಿದ ಅವಶೇಷಗಳಡಿ ಸಿಕ್ಕಿ ಪ್ರಾಣಬಿಟ್ಟರು. ಅಲ್ಲಿಂದ ತೆಗೆದಿಟ್ಟ ಬಣ್ಣದ ಗಾಜು ಮತ್ತಿತರ ಭಾಗಗಳಿಂದ ಮರುಜೋಡಿಸಿದ ವ್ಯಾಪಾರದ ಸಭಾಂಗಣ ಇಂದು ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ವಸ್ತುಸಂಗ್ರಹಾಲಯದೊಳಗಿದೆ. ಅದನ್ನು ಉಳಿಸಿದವರಿಗೆ ನಾನು ಕೃತಜ್ಞ. ಆದರೂ ಅಲ್ಲಿ ನಿಂತಾಗ, ತನ್ನ ಕಟ್ಟಡವನ್ನು ಕಳೆದುಕೊಂಡ ಕೋಣೆಯ ಒಂಟಿತನ ನನ್ನನ್ನು ಬಾಧಿಸುತ್ತದೆ.

ಕಲ್ಚರಲ್ ಸೆಂಟರ್‌ನ ಉತ್ತರ ಭಾಗದಲ್ಲಿ ಹೀಲಿ ಮತ್ತು ಮಿಲೆಟ್ ಸಂಸ್ಥೆಯ ಇನ್ನೊಂದು ಗಾಜಿನ ಗುಮ್ಮಟವಿದ್ದು, ಅದರ ಜೀರ್ಣೋದ್ಧಾರವೂ 2022ರಲ್ಲಿ ಪೂರ್ಣಗೊಂಡಿದೆ. ಮಕ್ಕಳ ಮನೆಗೆಂದು ಊರಿನಿಂದ ಇಲ್ಲಿಗೆ ಬರುವ ಹಿರಿಯರು ಬಿಸಿಲಿರುವ ದಿನ ನೋಡಿ ಹೋಗಬೇಕು. ಪ್ರವೇಶಕ್ಕೆ ಹಣ ಕೊಡಬೇಕಾಗಿಲ್ಲ; ಟಿಫನಿ ಗುಮ್ಮಟ ದಕ್ಷಿಣ ಭಾಗದ ಮೂರನೆಯ ಮಹಡಿಯಲ್ಲಿದೆ.