ಅತ್ತೆ ಮನೆಯಲ್ಲಿದ್ದ ಅಧ್ಯಕ್ಷ

ಕ್ಯಾನ್ಸಸ್ ಸಿಟಿಗೆ ನಮ್ಮೂರಿನಿಂದ ಪ್ರವಾಸಕ್ಕೆಂದು ಹೋಗುವವರು ಕಡಿಮೆ. ನಾವು ಹೋದದ್ದೂ ಭಾಮೈದ ಅಲ್ಲಿ ಮನೆ ಮಾಡಿದ್ದಾನೆ ಎಂಬ ಕಾರಣಕ್ಕೆ. ಕಾರಂಜಿಗಳು ಚೆನ್ನಾಗಿವೆ, ಮಾಲ್‌ಗಳು ಎಲ್ಲ ಕಡೆಯ ಮಾಲ್‌ಗಳಂತೆಯೇ ಇವೆ. ಪಕ್ಕದ, ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಎಂಬ ಊರಿಗೆ ನನ್ನ ಹೆಂಡತಿ, ನಮ್ಮತ್ತೆ, ಭಾಮೈದನ ಜೊತೆ ಹೋಗಿ ಬರದಿದ್ದರೆ ಈ ಬರಹಕ್ಕೆ ಕೈ ಹಾಕುತ್ತಿರಲಿಲ್ಲ. ಅಮೆರಿಕದ 33ನೇ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಊರು ಅದು.

ಹೋಗುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಸಿಟ್ಟು ಇನ್ನೂ ಇಳಿದಿಲ್ಲ. ಫೋನಿನ ನಕ್ಷೆ ನಮ್ಮನ್ನು ನೇರ ನಾರ್ತ್ ಡೆಲವೇರ್ ಬೀದಿಯ 219ನೇ ನಂಬರಿನ ಮನೆ ಮುಂದೆ ತಂದು ನಿಲ್ಲಿಸಿತು. ಗೇಟಿಗೆ ಬೀಗ. ಟಿಕೆಟ್ ಕೊಡುವುದು ಅಲ್ಲಲ್ಲ, ಮೇನ್ ಸ್ಟ್ರೀಟಿನಲ್ಲಿ, ಒಂದು ಕಾಲಕ್ಕೆ ಅಗ್ನಿಶಾಮಕ ಠಾಣೆಯಾಗಿದ್ದ ಕಟ್ಟಡದಲ್ಲಿ. ಒಂದೊಂದು ಸಲಕ್ಕೆ ಒಳಗೆ ಬಿಡುವುದು ಬೆರಳೆಣಿಕೆಯಷ್ಟು ಜನರನ್ನು. ಮೊಣಕಾಲು ನೋವಿನ ಅತ್ತೆಯನ್ನು ಉರಿಬಿಸಿಲಲ್ಲಿ ಹತ್ತಿಸಿ ಇಳಿಸಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಬೆಳಗಿನ ಸರದಿಗಳೆಲ್ಲ ಭರ್ತಿ. ಮೊದಲು ಟಿಕೆಟ್, ಆಮೇಲೆ ಮನೆ. ಇದನ್ನು ಯಾವ ನಕ್ಷೆಯೂ ಹೇಳುವುದಿಲ್ಲ.

ಮಧ್ಯಾಹ್ನದ ತನಕ ಟ್ರೂಮನ್ ಗ್ರಂಥಾಲಯದಲ್ಲಿ ಕಾಲ ಕಳೆದೆವು. ಗ್ರಂಥಾಲಯ ಎನ್ನುತ್ತಾರೆ, ಆದರೆ ನಮ್ಮಂಥವರಿಗೆ ಅದು ವಸ್ತುಸಂಗ್ರಹಾಲಯ. 1957ರಲ್ಲಿ ಶುರುವಾದದ್ದನ್ನು ಈಚೆಗೆ ನವೀಕರಿಸಿ 2021ರಲ್ಲಿ ಮತ್ತೆ ತೆರೆದಿದ್ದಾರೆ. ಗೋಡೆ ತುಂಬ ಪರದೆಗಳು, ಸದ್ದು, ಬೆಳಕು. ನನಗೆ ಇವು ರುಚಿಸುವುದಿಲ್ಲ. ಮೇಜಿನ ಮೇಲಿಡುತ್ತಿದ್ದ ಪುಟ್ಟ ಫಲಕ ಮಾತ್ರ ಹಿಡಿದು ನಿಲ್ಲಿಸಿತು. ‘ಹೊಣೆ ಇಲ್ಲಿಗೇ ಬಂದು ನಿಲ್ಲುತ್ತದೆ’ ಎಂಬ ಅರ್ಥದ ಆ ಮಾತು ಪ್ರಪಂಚಕ್ಕೆಲ್ಲ ಗೊತ್ತು. ಅದರ ಹಿಂಬದಿಯಲ್ಲಿ, ಅಂದರೆ ಕುರ್ಚಿಯಲ್ಲಿ ಕೂತವನ ಕಣ್ಣಿಗೆ ಬೀಳುವ ಕಡೆ, ‘ನಾನು ಮಿಸೌರಿಯವನು’ ಎಂದಷ್ಟೇ ಇದೆ. ಒಕ್ಲಹೋಮಾದ ಒಂದು ಸುಧಾರಣಾ ಕಾರಾಗೃಹದಲ್ಲಿ ಮಾಡಿದ ಫಲಕವಂತೆ.

1948ರ ಚುನಾವಣೆಯ ವಿಭಾಗದಲ್ಲಿ ಭಾಮೈದ ಅಮ್ಮನಿಗೆ ವಿವರಿಸುತ್ತಾ ನಿಂತ. ಟ್ರೂಮನ್ ಸೋಲುವುದು ಖಚಿತ ಎಂದು ಎಲ್ಲರೂ ನಂಬಿದ್ದರು. ಮತದಾರನ ಮನಸ್ಸು ಕೊನೆಯ ವಾರಗಳಲ್ಲಿ ಬದಲಾಗುವುದಿಲ್ಲವೆಂದು ಸಮೀಕ್ಷೆಯವರು ಮುಂಚೆಯೇ ಅಂಗಡಿ ಮುಚ್ಚಿದ್ದರು. ಈ ಮನುಷ್ಯ ರೈಲು ಹತ್ತಿ ಊರೂರು ಸುತ್ತಿ, ಕೊನೆಯ ಬೋಗಿಯ ಕಟಾಂಜನ ಹಿಡಿದು ಭಾಷಣ ಮಾಡಿದ. ಮತ ಎಣಿಕೆಯ ರಾತ್ರಿ ಹತ್ತಿರದ ಎಕ್ಸೆಲ್ಸಿಯರ್ ಸ್ಪ್ರಿಂಗ್ಸ್‌ನ ಹೋಟೆಲಿನಲ್ಲಿ ಒಂದು ಸ್ಯಾಂಡ್‌ವಿಚ್ ತಿಂದು, ಒಂದು ಲೋಟ ಮಜ್ಜಿಗೆ ಕುಡಿದು ಮಲಗಿಬಿಟ್ಟ. ಶಿಕಾಗೋದ ಪತ್ರಿಕೆಯೊಂದು ಮುದ್ರಕರ ಮುಷ್ಕರದಿಂದಾಗಿ ಬೇಗ ಅಚ್ಚಿಗೆ ಕಳಿಸಬೇಕಾಗಿ ಬಂದು, ಎದುರಾಳಿ ಡ್ಯೂಯಿ ಗೆದ್ದನೆಂದು ತಲೆಬರಹ ಹಾಕಿತು. ಅಧ್ಯಕ್ಷ ಯಾರೆಂದು ತೀರ್ಮಾನಿಸುವ, ರಾಜ್ಯವಾರು ಹಂಚಿದ ಎಲೆಕ್ಟೋರಲ್ ಮತಗಳು ಟ್ರೂಮನ್‌ಗೆ 303, ಡ್ಯೂಯಿಗೆ 189, ದಕ್ಷಿಣದ ಬಂಡಾಯಗಾರ ಥರ್ಮಂಡ್‌ಗೆ 39. ಆ ಪತ್ರಿಕೆಯನ್ನು ಎತ್ತಿ ಹಿಡಿದು ಟ್ರೂಮನ್ ಬಾಯ್ತುಂಬ ನಗುವ ಚಿತ್ರ ನೋಡಿ ಅತ್ತೆಯೂ ನಕ್ಕರು. ಅವರಿಗೆ ಹೆಚ್ಚು ಹಿಡಿಸಿದ್ದು ಮಜ್ಜಿಗೆ.

ಅಲ್ಲೇ ಒಂದು ಕಡೆ ಸಡಾಕೊ ಸಸಾಕಿ ಮಡಚಿದ ಕಾಗದದ ಕೊಕ್ಕರೆ ಇದೆ, ಉಗುರಿನ ಮೇಲೆ ಕೂರಿಸಬಹುದಾದಷ್ಟು ಸಣ್ಣದು. ಹಿರೋಷಿಮಾದಲ್ಲಿ ಬಾಂಬ್ ಬಿದ್ದಾಗ ಅವಳಿಗೆ ಎರಡು ವರ್ಷ, ರಕ್ತದ ಕ್ಯಾನ್ಸರಿನಿಂದ ಸತ್ತಾಗ ಹನ್ನೆರಡು. ಅವಳ ಅಣ್ಣನೇ ಅದನ್ನು 2015ರಲ್ಲಿ ಟ್ರೂಮನ್ ಹೆಸರಿನ ಈ ಸಂಸ್ಥೆಗೆ ಕೊಟ್ಟ. ಉಪಾಧ್ಯಕ್ಷನಾಗಿ 82 ದಿನ ಕಳೆದಿದ್ದಾಗ ರೂಸ್‌ವೆಲ್ಟ್ ತೀರಿಕೊಂಡು ಕುರ್ಚಿಗೆ ಬಂದವನು ಟ್ರೂಮನ್. ಬಾಂಬಿನ ಪೂರ್ತಿ ವಿಚಾರ ತಿಳಿದದ್ದು ಆಮೇಲೆ. ಬಾಂಬ್ ಹಾಕಿಸಿದ್ದಕ್ಕೆ ವಿಷಾದವಿದೆ ಎಂದು ಆತ ಕೊನೆತನಕ ಬಹಿರಂಗವಾಗಿ ಹೇಳಲಿಲ್ಲ. ಮೇಜಿನ ಮೇಲಿನ ಫಲಕದ ಮಾತನ್ನು ಇಲ್ಲಿ ನಿಂತು ಇನ್ನೊಮ್ಮೆ ಓದಿಕೊಳ್ಳಬೇಕು.

ಇನ್ನು ಮನೆ. ಬಿಳಿ ಬಣ್ಣದ ಮರದ ಮನೆ, ಸುತ್ತ 1949ರಲ್ಲಿ ಹಾಕಿಸಿದ ಕಬ್ಬಿಣದ ಬೇಲಿ. ಒಳಗೆ ಕಾಲಿಟ್ಟಾಗ ನಾನು ನಿಜಕ್ಕೂ ತಬ್ಬಿಬ್ಬಾದೆ. ಪ್ರಪಂಚದ ಅತಿ ಬಲಶಾಲಿ ಎನಿಸಿಕೊಂಡಿದ್ದವನ ಅಡುಗೆಮನೆಯ ನೆಲಹಾಸು ಸವೆದಿದೆ. ಗಂಡಹೆಂಡತಿ ತಿಂಡಿ ತಿನ್ನುತ್ತಿದ್ದ ಮೇಜಿಗೆ ಮೂರನೆಯವರು ಬಂದರೆ ಇಕ್ಕಟ್ಟು. ನಡುಮನೆಯ ಗೋಡೆಗೆ ಟ್ರೂಮನ್‌ನ ಟೋಪಿ, ಕೋಟು ಈಗಲೂ ನೇತಾಡುತ್ತಿವೆ, ಬೆಳಗಿನ ವಾಕಿಂಗ್ ಮುಗಿಸಿ ಈಗಷ್ಟೇ ತಗುಲಿ ಹಾಕಿದ ಹಾಗೆ. 1958ರ ತನಕ ಮಾಜಿ ಅಧ್ಯಕ್ಷರಿಗೆ ಪಿಂಚಣಿಯೇ ಇರಲಿಲ್ಲ. ವರ್ಷಕ್ಕೆ 25,000 ಡಾಲರ್ ಪಿಂಚಣಿ ಕೊಡುವ ಕಾನೂನು ಆಗ ಬಂದದ್ದು ಮುಖ್ಯವಾಗಿ ಇವನ ಪರಿಸ್ಥಿತಿ ನೋಡಿ. ಅವನು ಹೇಳಿಕೊಂಡಷ್ಟು ಬಡವನಾಗಿರಲಿಲ್ಲ ಎಂದು ಈಚೆಗೆ ಲೆಕ್ಕಪತ್ರ ತೆಗೆದು ನೋಡಿದವರು ಬರೆದಿದ್ದಾರೆ. ಇರಬಹುದು. ಆದರೆ ದುಡ್ಡಿದ್ದೂ ಹೀಗೆ ಬದುಕಿದ ಎಂದರೆ ನನಗೆ ಗೌರವ ಹೆಚ್ಚೇ ಆಗುತ್ತದೆ.

ಅಷ್ಟರಲ್ಲಿ ಮನೆ ತೋರಿಸುತ್ತಿದ್ದ, ಟೋಪಿ ಹಾಕಿದ ರೇಂಜರ್ ಹುಡುಗಿ ಹೇಳಿದಳು, ಈ ಮನೆ ಟ್ರೂಮನ್‌ದಲ್ಲ, ಅವನ ಅತ್ತೆಯದು ಎಂದು. 1919ರಲ್ಲಿ ಬೆಸ್‌ಳನ್ನು ಮದುವೆಯಾಗಿ ಇಲ್ಲಿಗೇ ಬಂದವನು ಕೊನೆತನಕ ಮನೆ ಅಳಿಯ. ರೈತನ ಮಗ, ಇಟ್ಟಿದ್ದ ಬಟ್ಟೆ ಅಂಗಡಿ 1922ರಲ್ಲಿ ಮುಳುಗಿತು. ತನ್ನ ಮಗಳಿಗೆ ಇವನು ತಕ್ಕವನಲ್ಲ ಎಂಬ ಅಭಿಪ್ರಾಯವನ್ನು ಅತ್ತೆ ಮ್ಯಾಜ್ ವಾಲೇಸ್ ಬಿಡಲೇ ಇಲ್ಲ. ಆಕೆ ಶ್ವೇತಭವನದಲ್ಲೂ ಮಗಳು ಅಳಿಯನ ಜೊತೆಗೇ ಇದ್ದು, 1952ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಆಮೇಲೆ ಟ್ರೂಮನ್ ದಂಪತಿ ಬೆಸ್‌ಳ ತಮ್ಮಂದಿರ ಪಾಲನ್ನು ಕೊಂಡುಕೊಂಡರು.

ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಛಾವಣಿ ನೋಡಿದೆ.

ಅತ್ತೆ ಮಾತ್ರ ನನ್ನ ಕೈಲಿ ಕೇಳಿಸಿದರು, “ಆ ತಾಯಿ ಗಂಡ ಎಲ್ಲಿದ್ದ, ಕೇಳಿ.” ರೇಂಜರ್ ದನಿ ತಗ್ಗಿಸಿದಳು. 1903ರಲ್ಲಿ ಆತ ಗುಂಡು ಹಾರಿಸಿಕೊಂಡು ಪ್ರಾಣ ಕಳೆದುಕೊಂಡರು, ಬೆಸ್‌ಗೆ ಆಗ ಹದಿನೆಂಟು. ಮಕ್ಕಳನ್ನು ಕಟ್ಟಿಕೊಂಡು ತಾಯಿ ತವರು ಸೇರಿದ್ದು ಹಾಗೆ, ಈ ಮನೆಗೆ.

ಹೊರಗೆ ಮರದ ನೆರಳಿನಲ್ಲಿ ಕೂತಾಗ ಅತ್ತೆ, “ಜಂಬ ಅಲ್ಲ ಅದು, ಭಯ. ಮಗಳನ್ನ ಕಣ್ಣಿಂದಾಚೆ ಬಿಡಕ್ಕೆ ಆಗಿಲ್ಲ ಪಾಪ” ಎಂದರು.

“ಆದ್ರೂ ಅತ್ತೆ, ದೇಶಕ್ಕೆ ಅಧ್ಯಕ್ಷನಾದ ಮೇಲೂ ಅಳಿಯ ಸಾಲದು ಅಂದ್ರೆ?”

“ದೇಶದ ಲೆಕ್ಕ ಬೇರೆ, ಮಗಳ ಲೆಕ್ಕ ಬೇರೆ. ಆ ಹುಡುಗಿ ಮಹಡಿ ಮೇಲೆ ಬಿಡಲ್ಲ ಅಂದ್ಲಲ್ಲ, ಯಾಕೆ?”

ಮಗಳು ಮಾರ್ಗರೆಟ್ ಇರುವ ತನಕ ಮಹಡಿಗೆ ಯಾರನ್ನೂ ಬಿಡಬಾರದು ಎಂದು ಬೆಸ್ ಬರೆದಿಟ್ಟಿದ್ದರು, 2008ರಲ್ಲಿ ಮಗಳು ಹೋದ ಮೇಲೂ ಕೆಳಮನೆ ಮಾತ್ರ ತೋರಿಸುತ್ತಾರೆ ಎಂದೆ. ಬೆಸ್ ತಾನು ಬರೆದ ಕಾಗದಗಳನ್ನು ಒಲೆಗೆ ಹಾಕುತ್ತಿದ್ದಾಗ ಗಂಡ ‘ಚರಿತ್ರೆಯ ಗತಿ ಏನು’ ಎಂದನಂತೆ, ಆಕೆ ‘ಅದನ್ನೇ ಯೋಚಿಸಿ ಸುಡುತ್ತಿದ್ದೇನೆ’ ಎಂದಳಂತೆ, ಆ ಕಥೆಯನ್ನೂ ಹೇಳಿದೆ.

“ಸರಿಯಾಗಿ ಮಾಡಿದ್ಲು. ಓಟು ಹಾಕಿದ್ವಿ ಅಂತ ಜನಕ್ಕೆ ಮಲಗೋ ಕೋಣೇನೂ ತೋರಿಸ್ಬೇಕಾ?”

“ಹಾಗಾದ್ರೆ ಅಳಿಯ ಅಂತ ನನಗೆಷ್ಟು ಮಾರ್ಕ್ಸ್ ಕೊಡ್ತೀರಿ?”

“ಆ ಶಿಕಾಗೋ ಪೇಪರ್‌ನೋರ ಥರ ಎಣಿಕೆಗೆ ಮುಂಚೆ ಫಲಿತಾಂಶ ಹೇಳೋಳಲ್ಲ ನಾನು” ಎಂದು ಎದ್ದರು.

ವಾಪಸ್ಸು ಬರುವಾಗ ಭಾಮೈದ, ಪಶ್ಚಿಮಕ್ಕೆ ಎರಡು ಮೂರು ಗಂಟೆ ಕಾರು ಓಡಿಸಿದರೆ ಅಬಿಲೀನ್, ಟ್ರೂಮನ್ ಆದಮೇಲೆ ಬಂದ ಐಸೆನ್‌ಹೋವರ್ ಬೆಳೆದ ಮನೆ ಅಲ್ಲಿದೆ ಎಂದ. ಇಬ್ಬರಿಗೂ ಎಷ್ಟು ಹಳಸಿತ್ತೆಂದರೆ, 1953ರ ಪ್ರಮಾಣವಚನದ ದಿನ ಹೊಸಬ ಶ್ವೇತಭವನದ ಬಾಗಿಲಿಗೆ ಬಂದೂ ಒಳಗೆ ಕಾಫಿಗೆ ಇಳಿಯಲಿಲ್ಲ. ಅದು ಯಾರ ಮನೆ, ಅತ್ತೆಯದೋ ಎಂದು ನಮ್ಮತ್ತೆ ವಿಚಾರಿಸಿದರು. ಅಲ್ಲಮ್ಮ, ಅವನ ಸ್ವಂತ ಅಮ್ಮ ಇದ್ದ ಮನೆ ಎಂದ ಭಾಮೈದ.

“ಹಾಗಾದ್ರೆ ನಾಳೆ ಹೋಗೋಣ” ಎಂದರು ಅತ್ತೆ. “ಸೊಸೆ ಕಥೆ ಏನಾಯ್ತು ಅಂತ ಕೇಳ್ಬೇಕು.”